ತಲೆಯಾಡಿಸುವ ದೀಪ

ಮಹಾಶ್ವೇತಾಗೆ ಗಂಡನ ಸಮಾಧಿ ಇರಲಿಲ್ಲ. ಬಸಕ್ಕ ಕತೆ ಶುರು ಮಾಡಿದ್ದು ಈ ಮಾತಿನಿಂದ. ಅವರು ಯಾಕೆ ಶುರು ಮಾಡಿದರು ಎಂಬುದನ್ನು ಮೊದಲು ಹೇಳುತ್ತೇನೆ.

ಸಿಡ್ನಿಯಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗೋಡೆಯಂತೆ ಎದ್ದ ಬೆಟ್ಟ, ನಡುವೆ ಉದ್ದಕ್ಕೂ ಸಣ್ಣ ಸಣ್ಣ ಊರುಗಳು. ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲು. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಅಗೆದು ಕೆಳಗಿನ ಉಕ್ಕಿನ ಕಾರ್ಖಾನೆಗೆ ಸುರಿದರು. ಈಗ ಹೆಚ್ಚಿನ ಗಣಿಗಳು ಮುಚ್ಚಿವೆ. ಹಾಗೆ ಮುಚ್ಚಿದ ಒಂದು ಗಣಿಯನ್ನು ಊರಿನವರೇ ಸೇರಿ ಮ್ಯೂಸಿಯಂ ಮಾಡಿಕೊಂಡಿದ್ದಾರೆ. ತಲೆಗೆ ದೀಪವಿರುವ ಹೆಲ್ಮೆಟ್ ಹಾಕಿಸಿ ಒಳಗೆ ಸ್ವಲ್ಪ ದೂರ ನಡೆಸುತ್ತಾರೆ. ಒಂದು ಕಾಂಕ್ರೀಟ್ ಗೋಡೆಯ ಮುಂದೆ ನಿಲ್ಲಿಸಿ, ಎಲ್ಲರೂ ದೀಪ ಆರಿಸಿ ಅನ್ನುತ್ತಾರೆ. ನಿಜವಾದ ಕತ್ತಲೆ ಹೇಗಿರುತ್ತದೆ ಅಂತ ತೋರಿಸುವುದಕ್ಕೆ.

ನಾನು, ಮನೋಜ್, ಪ್ರಣತಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಒಂದೇ ಆಫೀಸಿನವರು. ಆ ಶನಿವಾರ ಗಣಿ ನೋಡಿ ಹೊರಗೆ ಬಂದಾಗ ಮಳೆ ಹಿಡಿದಿತ್ತು. ಬೆಟ್ಟ ಹತ್ತುವ ರಸ್ತೆಯ ಮೇಲೆ ಮಣ್ಣು ಕುಸಿದಿದೆ, ತೆಗೆಯುವವರೆಗೆ ಕಾಯಿರಿ ಎಂದು ಗೈಡ್ ಹೇಳಿದ. ಟೀ ಕುಡಿಯಲು ಪಕ್ಕದ ಶೆಡ್ಡಿಗೆ ಓಡಿದೆವು. ಅದು ಹಿಂದೆ ಗಣಿ ಕೆಲಸಗಾರರ ಸ್ನಾನದ ಮನೆ. ಮಾಡಿನಿಂದ ಸಾಲಾಗಿ ಸರಪಳಿಗಳು, ಸರಪಳಿಗಳ ತುದಿಗೆ ಕೊಕ್ಕೆಗಳು. ಬೆಳಿಗ್ಗೆ ಬಂದವರು ಮನೆಯ ಬಟ್ಟೆ ಬಿಚ್ಚಿ ಕೊಕ್ಕೆಗೆ ಸಿಕ್ಕಿಸಿ, ಮೇಲಕ್ಕೆ ಎಳೆದು, ಸರಪಳಿಗೆ ಬೀಗ ಹಾಕಿ ಗಣಿಗೆ ಇಳಿಯುತ್ತಿದ್ದರಂತೆ. ಈಗ ಕೊಕ್ಕೆಗಳೆಲ್ಲ ಖಾಲಿ. ಒಂದರಲ್ಲಿ ಮಾತ್ರ ಒಂದು ಬಿಳಿ ಅಂಗಿ, ಕಂದು ಪ್ಯಾಂಟು ನೇತಾಡುತ್ತಿದ್ದವು. ಮ್ಯೂಸಿಯಂನವರು ನೋಡುವವರಿಗಾಗಿ ಹಾಕಿದ್ದು ಎಂದುಕೊಂಡೆ.

ಟೀ ಕೊಡುತ್ತಿದ್ದವರು ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿದ್ದ ಮುದುಕಿ. ನಮ್ಮ ಮಾತು ಕಿವಿಗೆ ಬಿದ್ದದ್ದೇ, "ಯಾವೂರಪ್ಪಾ ನಿಮ್ದು?" ಅಂದರು. ಪ್ರಣತಿ ಹುಬ್ಬಳ್ಳಿ ಅಂದಳು. "ಹುಬ್ಬಳ್ಳ್ಯಾಗ ಎಲ್ಲಿ?" "ವಿದ್ಯಾನಗರ, ಆಂಟಿ." "ಆಂಟಿ ಅನಬ್ಯಾಡ. ಬಸಕ್ಕ ಅನ್ನು." ದುಡ್ಡು ತಗೊಳ್ಳಲಿಲ್ಲ. ಎರಡನೇ ಸಲ ಟೀ ಬಗ್ಗಿಸಲು ಬಂದಾಗ ಪ್ರಣತಿ ಮನೋಜ್ ಜತೆ ಜಗಳಕ್ಕೆ ನಿಂತಿದ್ದಳು.

"ಸೀರಿಯಸ್ಲಿ, ನೀನೊಬ್ಬ ಲ್ಯಾಂಪ್ ಆಫ್ ಮಾಡ್ಲೇ ಇಲ್ಲ."

"ನಾನ್ಯಾಕೆ? ಗೈಡ್ ಹೇಳಿದ ತಕ್ಷಣ ಆಫ್ ಮಾಡ್ದೆ. ನಿಂಗೆ ಕತ್ತಲೆ ಅಂದ್ರೆ ಭಯ, ಒಪ್ಕೋ."

"ಹೋಗೋ. ಎದುರಿಗೇ ಇತ್ತು, ಗೋಡೆ ಕಡೆ."

"ಗೋಡೆ ಒಳಗೆ ಯಾರಿರ್ತಾರೆ ಮಾರಾಯ್ತಿ, ಅಲ್ಲೂ ಹೋಮ್ ಲೋನ್ ಏಜೆಂಟಾ?"

ಬಸಕ್ಕ ಟೀ ಬಗ್ಗಿಸುವುದನ್ನು ನಿಲ್ಲಿಸಿದರು. "ದೀಪ ಸುಮ್ನ ನಿಂತಿತ್ತೋ, ಅಲ್ಲಾಡತಿತ್ತೋ?"

ಪ್ರಣತಿ ನೆನಪು ಮಾಡಿಕೊಂಡು ತಲೆಯನ್ನು ಈ ಭುಜಕ್ಕೆ, ಆ ಭುಜಕ್ಕೆ ವಾಲಿಸಿದಳು. "ಹಿಂಗ ಅಲ್ಲಾಡತಿತ್ತು. ಆದ್ರ ಬೆಳಕು ನನ್ನ ಮಾರಿ ಮ್ಯಾಲೇ ಇತ್ತು, ಅತ್ತಾಗಿತ್ತಾಗ ಹೋಗ್ಲಿಲ್ಲ."

ಬಸಕ್ಕ ಕೆಟಲ್ ಕೆಳಗಿಟ್ಟು, ನಮ್ಮ ಬೆಂಚಿನ ತುದಿಗೆ ಕೂತರು. ಮಾಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

ಮಹಾಶ್ವೇತಾಗ ಗಂಡನ ಸಮಾಧಿ ಇರಲಿಲ್ಲವಾ... ಕೇಳ್ರಿ, ರಸ್ತಾ ತೆರೆಯೂತನಕಾ ನಿಮಗೂ ಬ್ಯಾರೆ ಕೆಲಸ ಇಲ್ಲ, ನನಗೂ ಇದನ್ನ ಹೇಳಾಕ ಮತ್ಯಾರೂ ಸಿಕ್ಕಿಲ್ಲ. ಇಲ್ಲಿ ಮಂದಿಗೆ ಹೇಳಿದ್ರ ತಿಳಿಯಂಗಿಲ್ಲ. ಯಾಕ ತಿಳಿಯಂಗಿಲ್ಲ ಅನ್ನೋದು ನಿಮಗ ಆಮ್ಯಾಲ ಗೊತ್ತಾಗತೈತಿ.

ವಿರುಪಾಕ್ಷ ಧಾರವಾಡದ ಕಡೆಯಾಂವ. ಕೋಲಾರದ ಚಿನ್ನದ ಗಣಿಯಾಗ ಕೆಲಸ ಕಲ್ತು, ಎಂಬತ್ತರ ಸುಮಾರಿಗೆ ಹೇಣ್ತೀನ ಕಟಿಗೊಂಡು ಇಲ್ಲಿಗೆ ಬಂದ. ನಮ್ಮ ಯಜಮಾನ್ರು ಕೆಳಗ ಉಕ್ಕಿನ ಕಾರ್ಖಾನಿಯಾಗಿದ್ರು. ಆಗ ಈ ಊರಾಗ ಸ್ಕಾಟ್ಲೆಂಡಿನ ಮಂದಿ, ಇಟಲಿ ಮಂದಿ, ಮ್ಯಾಸಿಡೋನಿಯಾದ ಮಂದಿ, ಎಲ್ಲಾರೂ ಇದ್ರು, ಕನ್ನಡ ಮಾತಾಡೋ ಮನಿ ಮಾತ್ರ ಎರಡು, ನಮ್ಮದೊಂದು, ಅವರದೊಂದು, ನಡುವ ಒಂದು ಬೇಲಿ, ಆ ಬೇಲಿ ಮ್ಯಾಲ ಕೊಟ್ಟ ರೊಟ್ಟಿ, ತಗೊಂಡ ಪಲ್ಯಾ ಎಷ್ಟೋ... ಅಂವಗ ಡೆಪ್ಯುಟಿ ಕೆಲಸ. ಡೆಪ್ಯುಟಿ ಅಂದ್ರ ಎಲ್ಲಾರಕಿಂತ ಮುಂದ ಹೋಗಿ ಮ್ಯಾಲಿನ ಕಲ್ಲು ಗಟ್ಟಿ ಐತೋ ಇಲ್ಲೋ, ಗಾಳಿ ಛಲೋ ಐತೋ ಇಲ್ಲೋ ನೋಡಾಂವ. ನೋಡಿ, ಹಿಂದಿನವರಿಗೆ ಬರ್ರಿ ಅನ್ನಾಂವ.

ಈಗ ಅದನ್ನ ಹೆಂಗ ಅಂತಾರ? ಗಣಿಯೊಳಗ ಮಷಿನ್ ಸಪ್ಪಳಕ್ಕ ಮಾತು ಕೇಳಂಗಿಲ್ಲ. ಅದಕ ತಲೀ ಮ್ಯಾಲಿನ ದೀಪದ್ಲೇ ಮಾತು. ದೀಪ ಮ್ಯಾಲ ಕೆಳಗ ಮಾಡಿದ್ರ ಬಾ ಅಂತ. ಅಡ್ಡಡ್ಡ ಮಾಡಿದ್ರ ನಿಲ್ಲು, ಬರಬ್ಯಾಡ ಅಂತ. ಸಣ್ಣ ಕೂಸಿಗೂ ತಿಳಿಯೋ ಮಾತು, ಹೌದಲ್ಲೋ? ಈಗ ನೀವು ಹೇಳ್ರಿ... ನಮ್ಮ ಮಂದಿ ಹೂಂ, ಆಗಲಿ, ಬಾ ಅನ್ನಾಕ ತಲೀ ಹೆಂಗ ಮಾಡತೀವಿ?

(ನಾವು ಮೂವರೂ ಗೊತ್ತಿಲ್ಲದೆ ಒಟ್ಟಿಗೇ ತಲೆಯಾಡಿಸಿದೆವು. ಬಸಕ್ಕ ನಕ್ಕರು. ಆಮೇಲೆ ಅವರು ನಗಲಿಲ್ಲ.)

ನೋಡಿದ್ರೇನು? ಅದ ಆತು ನಮ್ಮ ವಿರುಪಾಕ್ಷಂದು. ಬಂದ ಹೊಸದಾಗ ಒಂದಿನ ಇದ್ದಲಿ ಗಾಡಿಯಾಂವ ದೂರದಿಂದ ಬರಲ್ಯಾ ಅಂತ ದೀಪದ್ಲೇ ಕೇಳ್ಯಾನ, ಇಂವ ನಮ್ಮ ಪದ್ಧತೀಲೆ ಬಾರಪ್ಪಾ ಅಂತ ತಲೀ ತೂಗ್ಯಾನ, ಅಂವ ನಿಲ್ಲು ಅಂದ ಅಂತ ತಿಳಕೊಂಡು ಗಾಡಿ ನಿಲ್ಲಿಸಿ ರೊಟ್ಟಿ ಬಿಚ್ಚಿಕೊಂಡು ಕುಂತಾನ, ಇಂವ ಈ ಕಡೆ ಕುಂತು ಅಂವಗ ಬೈಯಾಕತ್ಯಾನ... ಹೊರಗ ಬಂದ ಮ್ಯಾಲ, ಇಲ್ಲೇ, ಈ ಸ್ನಾನದ ಮನ್ಯಾಗ ಮಂದೆಲ್ಲಾ ಬಿದ್ದು ಬಿದ್ದು ನಕ್ಕರು. ಕೆವಿನ್ ಅಂತ ಒಬ್ಬಾಂವ ಇದ್ದ, ವಿರುಪಾಕ್ಷನ ಜೋಡಿ ಕೆಲಸ ಮಾಡಾಂವ. ಅಂವ ಎರಡೂ ಕೈಲೆ ಇವನ ಹೆಲ್ಮೆಟ್ ಹಿಡಕೊಂಡು, ದನದ ಕೊರಳು ತಿರುವಿದಂಗ ತಿರುವಿ, "ವೀರೂ, ಹಿಂಗಂದ್ರ ಹೌದು, ಹಿಂಗಂದ್ರ ಇಲ್ಲ" ಅಂತ ಕಲಿಸಿದ. ವಿರುಪಾಕ್ಷ ಕಲ್ತ. ಜೀವದ ಪ್ರಶ್ನೆ, ಕಲೀಲಾರದ ಏನ್ ಮಾಡ್ತಾನ?

ಆದ್ರ ಕಲ್ತದ್ದು ಮನೀತನಕಾ ಬಂತು ನೋಡ್ರಿ. ಮಹಾಶ್ವೇತಾ ಬೇಲಿ ಹಂತೇಕ ನಿಂತು ತಕರಾರು ಮಾಡಾಕಿ. "ಬಸಕ್ಕಾ, ಸಾರು ಹೆಂಗಾಗೇತ್ರಿ ಅಂದ್ರ ಕಂಬದಂಗ ಕುಂತು ಛಲೋ ಆಗೇತಿ ಅಂತಾರ. ತಲೀನ ಅಲ್ಲಾಡಸಂಗಿಲ್ಲ. ಗ್ವಾಡಿ ಜೋಡಿ ಸಂಸಾರ ಮಾಡಿದಂಗ ಆಗೇತಿ." ಮಗಾ ಸುಘೋಷ್ ಹುಟ್ಟಿದ ಮ್ಯಾಲ, ಅದನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡಾಗ ಮಾತ್ರ ಅಂವ ಎಲ್ಲಾ ಮರೀತಿದ್ದ. ಕೂಸು ಏನರೆ ಅಂದ್ರ ಸಾಕು, ತಲೀ ಹಿಂಗ, ಹಿಂಗ, ತೂಗೋದಾ ತೂಗೋದು... ಆಕಿ ಅಡಗಿ ಮನೀ ಬಾಗಲದಾಗ ಕಳ್ಳರಂಗ ನಿಂತು ಅದನ್ನ ನೋಡಾಕಿ. ಗಂಡನ ಮಾರಿ ಒಂದೊಂದು ಸಲ ಮರತೀನೇನೋ, ಆ ತಲೀ ತೂಗೋದು ಮರಿಯಂಗಿಲ್ಲ ಅಂತ ನನ್ನ ಮುಂದ ಅಂದಿದ್ಲು.

ಸುಘೋಷ್‌ಗ ಇನ್ನೂ ಮೂರು ತುಂಬಿರಲಿಲ್ಲ. ಒಂದಿನ ಮಧ್ಯಾಹ್ನ ಗಣಿಯೊಳಗ ಮಾಡು ಬಿತ್ತು. ವಿರುಪಾಕ್ಷ ಆ ಕಡೆ, ಕೆವಿನ್ ಮತ್ತ ಇನ್ನಿಬ್ಬರು ಈ ಕಡೆ, ನಡುವ ಕಲ್ಲಿನ ರಾಶಿ. ರಾಶಿ ಮ್ಯಾಲ ಒಂದು ಸಂದಿ ಉಳದಿತ್ತು. ಆ ಸಂದ್ಯಾಗ, ಧೂಳಿನ್ಯಾಗ, ದೂರದಾಗ ಅವನ ದೀಪ ಕಾಣಸ್ತು. ಅಂದ್ರ ಜೀವ ಐತಿ. ಕೂಗಿದ್ರು, ಮ್ಯಾಲಿನ ಕಲ್ಲು ಲಟಲಟ ಅನ್ನೋ ಸಪ್ಪಳದಾಗ ಏನೂ ಕೇಳಲಿಲ್ಲ. ಕೆವಿನ್ ತನ್ನ ದೀಪ ಮ್ಯಾಲ ಕೆಳಗ ಮಾಡಿದ... ಬರ್ತೀವಿ, ಬರಬೇಕಾ ಅಂತ. ವಿರುಪಾಕ್ಷನ ದೀಪ ಅಡ್ಡಡ್ಡ ಅಲ್ಲಾಡ್ತು. ಮತ್ತ ಕೇಳಿದ. ಮತ್ತ ಅಡ್ಡಡ್ಡ. ಡೆಪ್ಯುಟಿ ಬರಬ್ಯಾಡ ಅಂದ ಮ್ಯಾಲ ಬರಬ್ಯಾಡ. ಅದು ಗಣಿಯ ಕಾಯ್ದೆ. ಮೂವರೂ ಹಿಂದ ಸರದ್ರು, ಮಾಡಿಗೆ ಆಸರ ಕೊಡಾಕ ಕಟ್ಟಿಗಿ ತರೋಣ ಅಂತ. ಅವರು ಸರದ ಜಾಗಾ ಎರಡನೇ ಸಲ ಬಿತ್ತು. ಆಮ್ಯಾಲ ಒಳಗ ಗ್ಯಾಸು, ಬೆಂಕಿ. ಇಡೀ ಗಣಿ ಹತ್ತಿ ಉರೀತೈತಿ ಅಂತ ಆ ದಾರಿಗೆ ಕಾಂಕ್ರೀಟ್ ಗ್ವಾಡಿ ಕಟ್ಟಿದ್ರು.

ಅಂವ ಒಳಗ ಉಳದ.

ವಿಚಾರಣಿ ಆತು. ಮೂವರೂ ಒಂದ ಮಾತು ಹೇಳಿದ್ರು... ಸಾಯೋ ಹೊತ್ನ್ಯಾಗೂ ನಮಗ ಬರಬ್ಯಾಡ ಅಂದ, ಅಂವ ಅನ್ನದಿದ್ರ ನಾವೂ ಅಲ್ಲೇ ಇರತಿದ್ವಿ ಅಂತ. ತಾಮ್ರದ ಫಲಕ ಮಾಡಿಸಿದ್ರು. ಈಗ ಒಳಗ ಓದಿ ಬಂದ್ರಲ್ಲಾ, ಅದ.

(ಓದಿದ್ದೆವು. ಮನೋಜ್ ಫೋಟೊ ಕೂಡ ತೆಗೆದಿದ್ದ. ಒಬ್ಬ ಹೋದ, ಮೂವರನ್ನು ಉಳಿಸಿದ ಎಂದು ಅದರಲ್ಲಿತ್ತು. ಫಲಕದ ಕೆಳಗೆ, ಗೋಡೆಯ ಮೇಲೆ ಬೆರಳಿನಿಂದ ಎಳೆದಂಥ ಮೂರು ಬಿಳಿ ಗೆರೆಗಳಿದ್ದವು. ಸರ್ವೆಯವರ ಗುರುತಿರಬೇಕು ಎಂದು ಮನೋಜ್ ಅಂದ.)

ಸರ್ವೇನೂ ಅಲ್ಲ, ಏನೂ ಅಲ್ಲ. ಅದು ವಿಭೂತಿ. ನಮ್ಮಲ್ಲಿ ಸತ್ತವರನ್ನ ಸುಡಂಗಿಲ್ಲ, ಕುಂದ್ರಿಸಿ ಮಣ್ಣು ಮಾಡತೀವಿ. ಹೇಣ್ತಿ ಒಂದು ಹಿಡಿ ಮಣ್ಣು ಹಾಕಬೇಕು, ವಿಭೂತಿ ಹಚ್ಚಬೇಕು. ಆಕಿಗೆ ಹಚ್ಚಾಕ ಹಣಿ ಎಲ್ಲೈತಿ? ಗ್ವಾಡಿಗೆ ಹಚ್ಚಿದ್ಲು. ಅದೂ ಹತ್ತು ಹನ್ನೆರಡು ವರ್ಷ ಆದ ಮ್ಯಾಲ, ಗಣಿ ಮುಚ್ಚಿ, ಇದು ಮ್ಯೂಸಿಯಂ ಆಗಿ, ಒಳಗ ಹೆಣ್ಣುಮಕ್ಕಳು ಹೋಗುವಂಗಾದಾಗ. ಅಲ್ಲೀತನಕಾ ಆಕಿ ಏನ್ ಮಾಡಿದ್ಲು? ಸಾಲಿ ಅಡಗಿ ಮನ್ಯಾಗ ದುಡದ್ಲು, ಮಗನ್ನ ಓದಿಸಿದ್ಲು. ಮ್ಯಾಲ ನೋಡ್ರಿ... ಆ ಅಂಗಿ, ಆ ಪ್ಯಾಂಟು. ಅವತ್ತು ಮುಂಜಾನೆ ಅಂವ ಬಿಚ್ಚಿ ಮ್ಯಾಲ ಏರಿಸಿ ಕೀಲಿ ಹಾಕಿದ್ದು. ಕೀಲಿಕೈ ಅವನ ಹಂತೇಕನ ಐತಿ. ಮುರದು ಕೊಡತೀವಿ ಅಂದ್ರ ಆಕಿ ಬ್ಯಾಡ ಅಂದ್ಲು. "ಅವ್ರು ಬಂದ ಮ್ಯಾಲ ಏನ್ ಹಾಕ್ಕೊಂಡು ಮನೀಗೆ ಬರಬೇಕು?" ಅಂದ್ಲು.

ಮ್ಯೂಸಿಯಂಗೆ ಮೊದಲನೇ ಗೈಡ್ ಯಾರು? ಕೆವಿನ್. ತಲಿಗೊಂದು ದೀಪ ಕೊಟ್ಟು, ಮಂದೀನ ಗ್ವಾಡೀತನಕಾ ಕರಕೊಂಡು ಹೋಗಿ, ವೀರೂನ ಕತಿ ಹೇಳಿ, ದೀಪ ಆರಸ್ರಿ ಅನ್ನಾಂವ. ಎಲ್ಲಾರೂ ಗ್ವಾಡಿ ಕಡೆ ಮಾರಿ ಮಾಡಿದ್ರ ಅಂವೊಬ್ಬ ಬೆನ್ನು ಮಾಡಿ ನಿಲ್ಲತಿದ್ದ. ಯಾವಾಗಲೂ. ಮಹಾಶ್ವೇತಾ ತಿಂಗಳಿಗೊಮ್ಮೆ ಮಂದಿ ಜೋಡಿ ಹೋಗಾಕಿ, ಎಲ್ಲಾರ ಹಿಂದ ನಿಲ್ಲಾಕಿ, ಹೊರಗ ಬಂದು ಇಲ್ಲೇ ಕುಂತು ಟೀ ಕುಡದು ಮನೀಗೆ ಹೋಗಾಕಿ. ಮಗಾ ಮೆಲ್ಬರ್ನಿಗೆ ನೌಕರಿಗೆ ಹ್ವಾದ, ಮನಿ ಮಾಡಿದ, ಬಾ ಅಂತ ವರ್ಷ ವರ್ಷ ಕರದ. ಆಕಿ ಹೋಗಲಿಲ್ಲ. ನನಗಿಲ್ಲಿ ಕೆಲಸ ಐತಿ ಅನ್ನಾಕಿ. ಏನ್ ಕೆಲಸ ಅಂತ ನನಗರೆ ಎಲ್ಲಿ ಗೊತ್ತಿತ್ತು?

ಹ್ವಾದ ವರ್ಷ ಕೆವಿನ್‌ಗ ಉಸರು ಹತ್ತದಂಗಾತು. ಎದಿಯೊಳಗೆಲ್ಲಾ ಇದ್ದಲಿ ಧೂಳು. ಮೂಗಿಗೆ ಆಕ್ಸಿಜನ್ ನಳಿಗಿ ಹಾಕ್ಕೊಂಡು ತಿರಗತಿದ್ದ. ಒಂದಿನ ಮಂದಿ ಯಾರೂ ಇಲ್ಲದಾಗ ಬಂದು, "ಮಹಾ, ನನ್ನ ಜೋಡಿ ಒಮ್ಮೆ ಒಳಗ ಬಾ, ಬಸಕ್ಕನ್ನೂ ಕರಕೊಂಡು ಬಾ" ಅಂದ. ಹ್ವಾದ್ವಿ. ನಳಿಗಿ ಹೊರಗ ಬಿಟ್ಟ, ಹತ್ತು ಹೆಜ್ಜಿಗೊಮ್ಮೆ ಕುಂತ. ಗ್ವಾಡಿ ಮುಂದ ನಿಂತು ತನ್ನ ದೀಪಾನೂ ನಮ್ಮ ದೀಪಾನೂ ಆರಿಸಿದ. ಅವತ್ತ ಮೊದಲನೇ ಸಲ ಗ್ವಾಡಿ ಕಡೆ ಮಾರಿ ಮಾಡಿದ.

ನನಗೇನ್ ಕಾಣಸ್ತು ಅಂತ ಕೇಳಬ್ಯಾಡ್ರಿ. ನಾ ಅಂಜಿ ಕಣ್ಣು ಮುಚ್ಚಿದ್ದೆ. ಕಿವಿ ಮುಚ್ಚಿರಲಿಲ್ಲ. ಕೆವಿನ್ ಕೇಳಿದ, "ನಿನಗೂ ಕಾಣತೈತಲ್ಲಾ?" ಆಕಿ ಹೌದು ಅಂದ್ಲು. "ಮೊದಲನೇ ದಿನದಿಂದ ಆ ಬೆಳಕು ಬೆನ್ನಿಗೆ ಬೀಳತೈತಿ ಮಹಾ, ತಿರುಗಿ ನೋಡಾಕ ಧೈರ್ಯ ಬರಲಿಲ್ಲ. ನೀ ಅವನ ಹೇಣ್ತಿ. ಅವನ ತಲೀ ನಿನಗ ಗೊತ್ತೈತಿ. ಹೇಳು... ಅಂವ ಏನಂತಾನ?"

ತಿಳೀತೇನ್ರಿ ಅಂವ ಕೇಳಿದ್ದು? ಮೂವತ್ತು ವರ್ಷ ಅಂವ ಮಂದಿ ಮುಂದ ಹೇಳಿದ ಕತಿ ಖರೇನೋ ಸುಳ್ಳೋ ಅಂತ ಕೇಳಿದ. ಹೆಲ್ಮೆಟ್ ಹಿಡದು ತಲೀ ತಿರುವಿ ಕಲಿಸಿದಾಂವಗ ಗೊತ್ತಿರಂಗಿಲ್ಲೇನು, ಅಂಜಿದ ಮನಶ್ಯಾ ಕಲ್ತದ್ದು ಮರತು ಹುಟ್ಟಿದೂರಿನ ಪದ್ಧತೀಗೆ ಹೋಗ್ತಾನ ಅಂತ?

ನೀರು ತೊಟ್ಟಿಕ್ಕೋದು ಕೇಳತಿತ್ತು, ಕೆವಿನ್‌ನ ಉಸರು ಕೇಳತಿತ್ತು. ಆಮ್ಯಾಲ ಮಹಾಶ್ವೇತಾ ಅಂದ್ಲು, "ಬರಬ್ಯಾಡ ಅಂತಾನ, ಕೆವಿನ್. ಅವತ್ತೂ ಅದನ್ನ ಅಂದಿದ್ದ."

ಕೆವಿನ್ ಹೆಲ್ಮೆಟ್ ತಗದು ಎದಿಗೆ ಅವಚಿಕೊಂಡ. ಥ್ಯಾಂಕ್ಯೂ ಅಂದ. ಹೊರಗ ಬರೂವಾಗ ಒಮ್ಮೆನೂ ಕುಂದ್ರಲಿಲ್ಲ.

ಅಂವ ಮನೀಗೆ ಹ್ವಾದ ಮ್ಯಾಲ ಆಕಿ ಇಲ್ಲೇ, ಈ ಬೆಂಚಿನ ಮ್ಯಾಲ ಕುಂತ್ಲು. ಟೀ ಕೊಟ್ಟೆ, ಮುಟ್ಟಲಿಲ್ಲ. "ಬಸಕ್ಕಾ, ಬರಬ್ಯಾಡ ಅನ್ನಾಕ ಮಾರಿ ಹೊಳ್ಳಸಬೇಕು. ಬೆಳಕು ಆ ಗ್ವಾಡಿಗೆ, ಈ ಗ್ವಾಡಿಗೆ ಹೋಗತೈತಿ. ಅವ್ರ ಬೆಳಕು ನನ್ನ ಮಾರಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ದೀಪ ಮಾತ್ರ ಈ ಭುಜಕ್ಕ, ಆ ಭುಜಕ್ಕ. ಕೂಸಿನ ಮುಂದ ಮಾಡತಿದ್ದರಲ್ಲಾ, ಹಂಗ. ಬರ್ರಿ ಅಂದಾರ. ಅವತ್ತೂ ಬರ್ರಿ ಅಂದಾರ. ಯಾರೂ ಹೋಗಲಿಲ್ಲ." ಇಷ್ಟ ಅಂದ್ಲು. ಮೊದಲನೇ ದಿನ ನೋಡಿದಾಗ ಗೊತ್ತಾಗಿತ್ತಂತ ಆಕಿಗೆ. ಅಷ್ಟು ವರ್ಷ ನುಂಗಿಕೊಂಡು, ಕೆವಿನ್ ಕೊಟ್ಟ ಕೈ ಕುಲುಕಿ, ಕೆವಿನ್ ತಂದ ಹೂವು ಇಸಕೊಂಡು... ನಾನಾಗಿದ್ರ ಚೀರತಿದ್ದೆ. ಕರೆಯೋರನ್ನ ಬಿಟ್ಟು ಮೆಲ್ಬರ್ನಿಗೆ ಹೆಂಗ ಹೋಗಲಿ ಅಂದ್ಲು. ಅದಾ ನೋಡ್ರಿ ಆಕಿ ಕೆಲಸ.

ಕೆವಿನ್ ಆ ತಿಂಗಳದಾಗ ಹ್ವಾದ. ನಿದ್ದ್ಯಾಗ, ಸಮಾಧಾನದ್ಲೆ. ಅವನ ಮಣ್ಣಿಗೆ ಹೋಗಿ ಬಂದ ಮರುದಿನ ಮಹಾಶ್ವೇತಾ ಮಂದಿ ಜೋಡಿ ಒಳಗ ಹ್ವಾದ್ಲು. ಎಲ್ಲಾರೂ ಹೊರಗ ಬಂದ್ರು, ಆಕಿ ಬರಲಿಲ್ಲ. ಹುಡುಕ್ಕೋತ ಹ್ವಾದ್ರ ಗ್ವಾಡಿ ಮುಂದ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗ ಮಾಡಿ ಕುಂತಿದ್ಲು... ನಮ್ಮಲ್ಲಿ ಮಣ್ಣು ಮಾಡೂವಾಗ ಹೆಂಗ ಕುಂದ್ರಸ್ತಾರ, ಹಂಗ. ಗ್ವಾಡಿ ಮ್ಯಾಲ ವಿಭೂತಿ ಹಸೀ ಇತ್ತು. ಹಾರ್ಟ್ ಅಂದ್ರು ಡಾಕ್ಟ್ರು.

ಇಷ್ಟಕ್ಕ ಮುಗದಿದ್ರ ನಾ ಅಳತಿದ್ದಿಲ್ಲ. ಹೋಗಲಿ, ಹತ್ತರನ ಹ್ವಾದ್ಲು ಅನ್ನತಿದ್ದೆ. ಆದ್ರ ಸುಘೋಷ್ ಬಂದ. ಅಪ್ಪನ್ನ ಈ ಊರು ತಗೊಂತು, ಅವ್ವನ್ನ ಕೊಡಂಗಿಲ್ಲ ಅಂದ. ಮೆಲ್ಬರ್ನಿಗೆ ಒಯ್ದ. ಅಲ್ಲಿ ಪೆಟಗಿಯೊಳಗ ಮಲಗಿಸಿ ಮಣ್ಣು ಮಾಡಿದ್ರು. ಏನಂತ ತಡೀಲಿ? ನಿಮ್ಮಪ್ಪ ಇನ್ನೂ ಕರ್ಯಾಕತ್ಯಾನ ಅನ್ಲಾ? ಅಂದ್ರ ನಿಮ್ಮಪ್ಪ ಅವತ್ತು ಯಾರನ್ನೂ ಉಳಿಸಲಿಲ್ಲ, ಕಾಪಾಡ್ರಿ ಅಂದಿದ್ದ ಅಂತನೂ ಅನ್ನಬೇಕಾಗತಿತ್ತು. ಆ ಹುಡುಗ ಅಪ್ಪ ಅಂತ ಕಂಡದ್ದು ಆ ತಾಮ್ರದ ಫಲಕಾ ಒಂದ. ಸುಮ್ನಾದೆ.

ಆಕಿ ಉತ್ತರ ಕೊಡಾಕ ಹ್ವಾದ್ಲು. ಉತ್ತರ ಮುಟ್ಟೂದ್ರಾಗ ಎತಗೊಂಡು ಹ್ವಾದ್ರು. ಅದಕ ಅಂವ ಇನ್ನೂ...

ಬಸಕ್ಕ ಮಾತು ನಿಲ್ಲಿಸಿದರು. ಗೈಡ್ ಬಾಗಿಲಿನಿಂದ ತಲೆ ಹಾಕಿ, ರಸ್ತೆ ತೆರೆದಿದೆ, ಹೊರಡಬಹುದು ಎಂದ. ಯಾರೂ ಏಳಲಿಲ್ಲ. ಬಸಕ್ಕ ಪ್ರಣತಿಯ ಕಡೆ ತಿರುಗಿದರು.

"ತಂಗೀ, ಖರೇ ಹೇಳು. ದೀಪ ಅಲ್ಲಾಡಿದಾಗ ನೀ ಏನ್ಮಾಡಿದಿ?"

ಪ್ರಣತಿಯ ತಲೆ ಒಮ್ಮೆ ಈ ಭುಜಕ್ಕೆ, ಒಮ್ಮೆ ಆ ಭುಜಕ್ಕೆ ವಾಲಿತು.

"ಅವಳ ಲ್ಯಾಂಪ್ ಆಫ್ ಇತ್ತಲ್ಲ ಬಸಕ್ಕ," ಎಂದ ಮನೋಜ್. ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಯಾರಿಗೂ ಕಂಡಿರಲ್ಲ."

"ಕತ್ತಲದಾಗ ಅಷ್ಟು ವರ್ಷ ಕುಂತಾಂವಗ ನೋಡಾಕ ದೀಪ ಯಾಕ ಬೇಕಪ್ಪಾ?" ಬಸಕ್ಕ ಎದ್ದು ಕಪ್ಪುಗಳನ್ನು ಒಂದರೊಳಗೊಂದು ಇಟ್ಟರು. "ಇಲ್ಲಿ ಮಂದಿ ನೂರು ಜನ ಬರ್ತಾರ, ನೋಡ್ತಾರ, ಯಾವುದೋ ಲೈಟು ಅಂತಾರ. ತಿರುಗಿ ಆಗಲಿ ಅಂದಾಕಿ ಮಹಾಶ್ವೇತಾನ ನಂತರ ನೀ ಒಬ್ಬಾಕಿ. ಹೊಳ್ಳಿ ಈ ಕಡೆ ಬರಬ್ಯಾಡವಾ. ಮನಸ್ಸಾಗತೈತಿ, ಆದ್ರೂ ಬರಬ್ಯಾಡ."

ಮೇಲೆ ಬಿಳಿ ಅಂಗಿ ನೇತಾಡುತ್ತಿತ್ತು. ನಾವು ಕಾರಿನ ಕಡೆ ನಡೆದೆವು. ಬಸಕ್ಕ ಬಾಗಿಲವರೆಗೆ ಬಂದರು.

"ಫಲಕದಾಗ ಒಬ್ಬ ಹ್ವಾದ ಅಂತ ಬರದಾರ. ನನ್ನ ಲೆಕ್ಕ ಬ್ಯಾರೆ. ವಿರುಪಾಕ್ಷ ಒಂದು. ಹೊಳ್ಳಿ ನೋಡಿದ ಕೆವಿನ್ ಎರಡು. ಮಹಾಶ್ವೇತಾ ಮೂರು." ಅವರು ಪ್ರಣತಿಯನ್ನೇ ನೋಡುತ್ತಿದ್ದರು. "ಇವತ್ತಿನ ತನಕಾ ಮೂರ."